ಏಕತಾರಿಗೊಂದು ವಿದ್ಯುತ್ ಬಿಲ್ಲೆ

ಡೊಂಬಿವಲಿಯ ನನ್ನ ಮಿತ್ರರೊಬ್ಬರು ವಿಜಯಪುರದ ಕಡೆಯವರು. ನಿವೃತ್ತಿಯ ನಂತರ ಹಳೆಯ ಚಹಾಪೆಟ್ಟಿಗೆಯ ಹಲಗೆ, ಬಿದಿರುಕೋಲು, ಒಂದು ಉಕ್ಕಿನ ತಂತಿ ಇಷ್ಟರಿಂದಲೇ ಏಕತಾರಿ ಮಾಡಿಕೊಂಡು ಶಿಶುನಾಳ ಷರೀಫರ ತತ್ವಪದಗಳನ್ನು ಹಾಡುತ್ತಾರೆ. 19ನೆಯ ಶತಮಾನದ ಅಮೆರಿಕದಲ್ಲಿ ಬಡವರು ಚುಟ್ಟಾಪೆಟ್ಟಿಗೆಗೆ ತಂತಿ ಬಿಗಿದು ಗಿಟಾರು ಮಾಡಿಕೊಂಡದ್ದೂ ಇದೇ ಬಗೆಯ ಜಾಣ್ಮೆ. ಮನೆಯಲ್ಲಿ ಅದರ ನಾದ ತುಂಬಿಕೊಳ್ಳುತ್ತದೆ. ಹಾರ್ಮೋನಿಯಂ, ತಬಲಾಗಳಿಗೆಲ್ಲ ಮೈಕು ಹಿಡಿದಿರುವ ಸಭಾಂಗಣದಲ್ಲಿ ಮಾತ್ರ ಅದು ಬರಿಯ ಅಭಿನಯ. ಬೆರಳು ಆಡುತ್ತದೆ, ಶ್ರುತಿ ಹಾಡುವವರಿಗೇ ಕೇಳಿಸದು.

ಕಳೆದ ವರ್ಷ ಅವರ ಮೊಮ್ಮಗ ಲ್ಯಾಮಿಂಗ್ಟನ್ ರಸ್ತೆಯಿಂದ 27 ಮಿಲಿಮೀಟರ್ ಅಗಲದ ಪೀಜೋ ಬಿಲ್ಲೆಯೊಂದನ್ನು ತಂದು ಪೆಟ್ಟಿಗೆಯೊಳಗೆ ಅಂಟಿಸಿದ. ತತ್ವಪದದ ವಾದ್ಯಕ್ಕೆ ವಿದ್ಯುತ್ತೇ ಎಂದು ನಾನು ಸಿಡುಕಿದ್ದುಂಟು. ಮೊದಲ ಪ್ರಯೋಗ ನನ್ನ ಪಕ್ಷವನ್ನೇ ವಹಿಸಿತು: ತಗಡು ಬಡಿದಂಥ ಸ್ವರ, ಬೆರಳು ತಾಕಿದರೂ ಗುಡುಗು. ಬಿಲ್ಲೆ ಕುದುರೆಯ ನೇರ ಕೆಳಗೇ ಕುಳಿತಿತ್ತು. ಅಂಚಿನತ್ತ ಸರಿಸಿದಾಗ ಕರ್ಕಶತೆ ಇಳಿಯಿತು. ಉಳಿದ ದೋಷ ಜೋಡಣೆಯದು. ಒತ್ತಡ ಬಿದ್ದಾಗ ಸ್ಫಟಿಕದಲ್ಲಿ ವಿದ್ಯುತ್ತು ಹುಟ್ಟುವುದನ್ನು ಕ್ಯೂರಿ ಸಹೋದರರು 1880ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ಪೀಜೋ ಬಿಲ್ಲೆಯನ್ನು ಸಾಮಾನ್ಯ ಮೈಕಿನ ಕಿಂಡಿಗೆ ನೇರವಾಗಿ ಸಿಕ್ಕಿಸಿದರೆ ಮಂದ್ರವೆಲ್ಲ ಸೋರಿಹೋಗುತ್ತದೆ. ನಡುವೆ ಸುಮಾರು 1 ಮೆಗಾಓಮ್ ಪ್ರತಿರೋಧದ ಪ್ರಿಆಂಪ್ ಇಟ್ಟ ಮೇಲೆ ಏಕತಾರಿ ಏಕತಾರಿಯಾಗಿಯೇ ನುಡಿಯಿತು.

ನಾನು ಪಕ್ಷ ಬದಲಿಸಿದ್ದು ಅದರ ಇಂಪಿಗೆ ಸೋತಲ್ಲ. ನಮ್ಮ ಕೂಟಗಳಲ್ಲಿ ಮೊಬೈಲಿನ ಶ್ರುತಿ ಆ್ಯಪ್ ತಂಬೂರಿಯ ಜಾಗವನ್ನು ಸದ್ದಿಲ್ಲದೆ ಹಿಡಿದುಬಿಟ್ಟಿದೆ; ಅದಕ್ಕೆ ಯಾರೂ ಆಕ್ಷೇಪಿಸಲಿಲ್ಲ, ನಾನೂ ಇಲ್ಲ. ಆ್ಯಪ್ ಕೈಯನ್ನೇ ಬಿಡಿಸುತ್ತದೆ. ಬಿಲ್ಲೆಗಾದರೋ ಮೀಟುವ ಕೈ ಬೇಕು. ಕೈ ತಪ್ಪಿದರೆ ತಪ್ಪನ್ನೂ ಸಭೆಗೆ ಕೇಳಿಸುತ್ತದೆ. ಮಾಂಡೋಲಿನ್ ಶ್ರೀನಿವಾಸರ ಕೈಯಲ್ಲಿದ್ದದ್ದೂ ವಿದ್ಯುತ್ ವಾದ್ಯವೇ. ಅದರಿಂದ ರಾಗಕ್ಕೆ ಕುಂದಾಗಲಿಲ್ಲ.

ಎಲ್ಲೆಡೆ ಇದು ಬೇಕೆಂದಲ್ಲ. ಕಲ್ಯಾಣ, ಡೊಂಬಿವಲಿಯ ಲೋಕಲ್ಲುಗಳಲ್ಲಿ ಭಜಿಸುತ್ತ ಸಾಗುವ ಮಂಡಳಿಗಳಿಗೆ ತಾಳವೂ ಕೊರಳೂ ಸಾಕು. ಸಭಾಂಗಣದಲ್ಲಿಯೂ ಏಕತಾರಿಯನ್ನು ಏರಿಸುವ ಮುನ್ನ ಉಳಿದವರು ಇಳಿಯಬೇಕು. ಈ ಮಾತಿಗೆ ತಬಲಾದವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಅಷ್ಟರಲ್ಲಿ, ಬರೀ ತಂತಿ ಬೆಸೆಯಲು ಬಂದ ಆ ಹುಡುಗ ಸ್ವರ ಪರೀಕ್ಷಿಸುವ ನೆಪದಲ್ಲಿ ಎರಡು ಪದ ಕಲಿತಿದ್ದಾನೆ.