ನೇರಳೆ ಹಣ್ಣಿನ ಸಾಸ್

ಮಕ್ಕಳೇ, ಗಂಗಾವತಿಯಿಂದ ಬಂದ ಮೊಮ್ಮಗಳು ದೋಸೆಗೆ ಬ್ಲೂಬೆರ್ರಿ ಸಾಸ್ ಬೇಕೆಂದಳು. ಅದು ಚಳಿ ಸೀಮೆಯ ಹಣ್ಣು, ಕುಷ್ಟಗಿ ಸಂತೆಯಲ್ಲಿ ಎಲ್ಲಿ ಸಿಗಬೇಕು? "ನೇರಲ ಹಣ್ಣ ಅದಾವಲ್ಲವ್ವ" ಎಂದೆ. ಮುಖ ಸಣ್ಣದಾಯಿತು.

ಅರ್ಧ ಕಿಲೋ ಹಣ್ಣು ತೊಳೆದು, ಅರ್ಧ ಲೋಟ ನೀರು ಹಾಕಿ, ಸ್ಟೀಲ್ ಪಾತ್ರೆಯಲ್ಲಿ 10 ನಿಮಿಷ ಬೇಯಿಸಿದೆ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಆರಿದ ಮೇಲೆ ಅವಳೇ ಕಿವುಚಿ ಬೀಜ ತೆಗೆದಳು. (ಬಿಳಿ ಅಂಗಿ ಹಾಕಿ ಕೂರಬೇಡಿ. ನನ್ನ ಸೆರಗಿನ ಕಲೆ ಇನ್ನೂ ಹೋಗಿಲ್ಲ.) ತಿರುಳಿಗೆ ಮುಕ್ಕಾಲು ಬಟ್ಟಲು ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕುದಿಸುವುದು ಮಾತ್ರ ದೊಡ್ಡವರ ಕೆಲಸ, ಪಾಕ ಸಿಡಿದರೆ ಕೈಗೆ ಬೊಬ್ಬೆ. ತಣ್ಣನೆಯ ತಟ್ಟೆಗೆ ಬಿಟ್ಟ ಹನಿ ಹರಿದು ಓಡದಿದ್ದರೆ ಆಯಿತು. ಕೊನೆಗೆ ಅರ್ಧ ನಿಂಬೆ ಹಿಂಡಿದಾಗ ಬಣ್ಣ ಕೆಂಪಿಗೆ ತಿರುಗಿತು! ಅದು ಆಂಥೋಸಯನಿನ್ ಆಟ. ಬ್ಲೂಬೆರ್ರಿಯ ಬಣ್ಣವೂ ಅದರದೇ.

"ಸ್ವಲ್ಪ ಒಗರೈತಿ ಅಜ್ಜಿ" ಎನ್ನುತ್ತಲೇ ಮೂರನೇ ದೋಸೆ ಕೇಳಿದಳು.

ಸಕ್ಕರೆ ಕಾಯಿಲೆಗೆ ನೇರಳೆ ಒಳ್ಳೆಯದೆಂದು ನಮ್ಮ ಮನೆಯವರೂ ಚಮಚ ಹಿಡಿದು ಬಂದರು. ಅಜ್ಜಂದಿರೇ, ಇದರಲ್ಲಿ ಬಟ್ಟಲುಗಟ್ಟಲೆ ಸಕ್ಕರೆ ಇದೆ! ಅವರಿಗೆ ನಾಲ್ಕು ಹಸಿ ಹಣ್ಣು ಕೊಟ್ಟೆ. ಮುನಿಸು ಸಂಜೆಯವರೆಗೂ ಇತ್ತು.

ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಇರುತ್ತದೆ. ನಮ್ಮದು ಉಳಿಯಲಿಲ್ಲ; ಅರ್ಧ ಬಾಟಲಿ ಮೊಮ್ಮಗಳ ಜೊತೆ ಗಂಗಾವತಿ ಬಸ್ಸು ಹತ್ತಿತು.