ಹಿತ್ತಲ ಉಯ್ಯಾಲೆಯಲ್ಲಿ ಪಾಷಾಣ

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಅವನು ಕೊಂಡ ಮನೆಯ ಹಿತ್ತಲಲ್ಲಿ ಮರದ ಜಗಲಿಯೂ ಮಕ್ಕಳ ಉಯ್ಯಾಲೆಯೂ ಇವೆಯಂತೆ. "ಸಾರ್, ಈ ಮರದಲ್ಲಿ ಆರ್ಸೆನಿಕ್ ಇದೆ ಅಂತಾರೆ. ಮಗಳು ದಿನಾ ಅಲ್ಲೇ ಆಡ್ತಾಳೆ, ನಿಜವಾ?" ಎಂದು ಕೇಳಿದ. ಮನೆ 1990ರ ಸುಮಾರಿನದು ಎಂದು ತಿಳಿದಾಗ, ಇರಬಹುದಪ್ಪ ಎಂದೆ.

ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ವಿಷದ ಮೂಲವಸ್ತು. ಅದು ಉಯ್ಯಾಲೆಯ ಕಂಬದೊಳಗೆ ಹೇಗೆ ಬಂತು? ಸ್ವಾರಸ್ಯವೆಂದರೆ, ಈ ಉಪಾಯ ಹುಟ್ಟಿದ್ದು ನಮ್ಮ ದೇಶದಲ್ಲೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ಇದನ್ನು ರೂಪಿಸಿದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ದ್ರಾವಣವನ್ನು ಮುಚ್ಚಿದ ಉರುಳೆಯಲ್ಲಿ ಒತ್ತಡ ಹಾಕಿ ಮರದೊಳಕ್ಕೆ ನುಗ್ಗಿಸುತ್ತಾರೆ. ಶಿಲೀಂಧ್ರಕ್ಕೆ ತಾಮ್ರ ಶತ್ರು. ಅಡಿಕೆಗೆ ಮೈಲುತುತ್ತದ ಔಷಧಿ ಹೊಡೆಯುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಗೆದ್ದಲಿಗೆ ಆರ್ಸೆನಿಕ್. ಇವೆರಡನ್ನೂ ಮರದ ನಾರಿಗೆ ಅಂಟಿಸುವ ಕೆಲಸ ಕ್ರೋಮಿಯಂನದು. ಹೀಗೆ ಉಪಚರಿಸಿದ ಮರ ಮಳೆಗಾಳಿಗೆ ದಶಕಗಟ್ಟಲೆ ಕೊಳೆಯದು.

ಆದರೆ ಆ ಅಂಟು ಪೂರ್ತಿ ಗಟ್ಟಿಯಲ್ಲ. ಮಳೆಗೆ ಸ್ವಲ್ಪ ಸ್ವಲ್ಪವೇ ಆರ್ಸೆನಿಕ್ ಕೆಳಗಿನ ಮಣ್ಣಿಗೆ ಇಳಿಯುತ್ತದೆ, ಮರದ ಮೇಲ್ಮೈಗೂ ಬರುತ್ತದೆ. ಮುಟ್ಟಿದ ಮಾತ್ರಕ್ಕೆ ಯಾರೂ ಕಾಯಿಲೆ ಬೀಳುವುದಿಲ್ಲ. ಚಿಕ್ಕ ಮಕ್ಕಳ ಕೈ ಮಾತ್ರ ಕಂಬದಿಂದ ನೇರವಾಗಿ ಬಾಯಿಗೆ ಹೋಗುತ್ತದಲ್ಲ, ಚಿಂತೆ ಅಲ್ಲಿರುವುದು. ಸಣ್ಣ ಪ್ರಮಾಣದಲ್ಲಾದರೂ ವರ್ಷಗಟ್ಟಲೆ ಒಳಸೇರುವ ಆರ್ಸೆನಿಕ್ ಕ್ಯಾನ್ಸರಿಗೆ ದಾರಿ ಮಾಡಬಲ್ಲದು. ಅಮೆರಿಕದ ತಯಾರಕರು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, 2003ರ ಕೊನೆಗೆ ಮನೆಬಳಕೆಯ ಬಹುತೇಕ ಮರಕ್ಕೆ ಈ ಉಪಚಾರ ನಿಲ್ಲಿಸಿದರು. ಅದಕ್ಕೂ ಮೊದಲು ಕಟ್ಟಿದ್ದನ್ನು ಕೀಳಲೇಬೇಕೆಂದು ಹೇಳಲಿಲ್ಲ. ಹಸಿರು ಛಾಯೆ ನೋಡಿ ಗುರುತಿಸುತ್ತೇನೆ ಎನ್ನುವಂತಿಲ್ಲ. ಆರ್ಸೆನಿಕ್ ಇಲ್ಲದ ಹೊಸ ಉಪಚಾರಗಳಲ್ಲೂ ತಾಮ್ರವಿರುವುದರಿಂದ ಅದೇ ಬಣ್ಣ ಬರುತ್ತದೆ.

ಆಡಿ ಬಂದ ಕೂಡಲೇ ಮಗಳ ಕೈಯನ್ನು ಸೋಪು ಹಾಕಿ ತೊಳೆಸು, ಜಗಲಿಯ ಮೇಲೆ ತಿಂಡಿ ಇಟ್ಟು ತಿನ್ನಿಸಬೇಡ, ವರ್ಷಕ್ಕೊಮ್ಮೆ ಮರದೊಳಗೆ ಇಂಗುವ ಎಣ್ಣೆಲೇಪ ಬಳಿ, ಉಪ್ಪು ಕಾಗದ ಹಾಕಿ ಉಜ್ಜಲು ಹೋಗಬೇಡ ಎಂದೆ.

"ಅಷ್ಟೆಲ್ಲ ಯಾಕೆ ಸಾರ್, ಕಿತ್ತು ಚಳಿಗಾಲಕ್ಕೆ ಒಲೆಗೆ ಹಾಕಿಬಿಡ್ತೀನಿ" ಅಂದ. ನನ್ನ ಎದೆ ಧಸಕ್ಕೆಂದಿತು. ರಸಾಯನಶಾಸ್ತ್ರ ಕಲಿಸಿದವನು ನಾನೇ! ಆರ್ಸೆನಿಕ್ ಮೂಲವಸ್ತು, ಬೆಂಕಿ ಅದನ್ನು ಇಲ್ಲವಾಗಿಸಲಾರದು. ಒಂದಷ್ಟು ಹೊಗೆಯಲ್ಲಿ ಏಳುತ್ತದೆ, ಉಳಿದದ್ದು ಬೂದಿಯಲ್ಲಿ ಸೇರುತ್ತದೆ. ವಿಸ್ಕಾನ್ಸಿನ್ ರಾಜ್ಯದ ಹಳ್ಳಿಯ ಕುಟುಂಬವೊಂದು ಇಂಥದೇ ಮರ ಉರಿಸಿ ಮನೆ ಬೆಚ್ಚಗಿಡುತ್ತಿತ್ತು. ಚಳಿಗಾಲ ಬಂತೆಂದರೆ ಮನೆಮಂದಿಗೆಲ್ಲ ಕಾಯಿಲೆ, ತಂದೆತಾಯಿಗೆ ಕೂದಲು ಉದುರುವುದು. 1984ರ ವೈದ್ಯಕೀಯ ವರದಿಯಲ್ಲಿ ಇದು ದಾಖಲಾಗಿದೆ.

ನಮ್ಮಲ್ಲೂ ಕಾರ್ಖಾನೆಗಳ ಕೂಲಿಂಗ್ ಟವರಿನ ಮರಕ್ಕೆ ಈ ಉಪಚಾರ ಮಾಡುವುದುಂಟು. ಎಲ್ಲಿಯದೆಂದು ತಿಳಿಯದ ಹಳೆಯ ಮರದ ತುಂಡು ಸಿಕ್ಕರೆ ಬಚ್ಚಲ ಒಲೆಗೆ ತುರುಕಬೇಡಿ, ಅದರ ಬೂದಿಯಲ್ಲಿ ಪಾತ್ರೆ ತಿಕ್ಕಬೇಡಿ.

ಹುಡುಗ ಈಗ ಉಯ್ಯಾಲೆ ಬಿಚ್ಚಿಟ್ಟಿದ್ದಾನೆ. ಮರವನ್ನು ಎಲ್ಲಿ ಒಪ್ಪಿಸಬೇಕೆಂದು ಅಲ್ಲಿನ ಕಸ ವಿಲೇವಾರಿಯವರನ್ನು ವಿಚಾರಿಸುತ್ತಿದ್ದಾನಂತೆ.