ಮನೆಗೆ ಔಷಧಿ ಹೊಡೆಸುವ ಮುನ್ನ

ಹಬ್ಬಗಳು ಸಮೀಪಿಸುತ್ತಿದ್ದಂತೆ ಮನೆಗಳಲ್ಲಿ ಸುಣ್ಣ-ಬಣ್ಣದ ಕಾರ್ಯ ಆರಂಭವಾಗುತ್ತದೆ. ಅದರೊಂದಿಗೆ ತಿಗಣೆ, ಜಿರಳೆ, ಗೆದ್ದಲುಗಳಿಗೆ ‘ಔಷಧಿ ಹೊಡೆಯುವವರನ್ನು’ ಕರೆಸುವುದೂ ಉಂಟು. ವಾಡಿಕೆಯಲ್ಲಿ ಔಷಧಿಯೆಂದು ಕರೆದರೂ ಅದು ವಿಷ. ಅದನ್ನು ಮನೆಯೊಳಗೆ ತರುವವನು ಯಾರು, ಅವನಿಗೆ ಆ ಅಧಿಕಾರವಿದೆಯೇ ಎಂದು ವಿಚಾರಿಸುವುದು ಆರೋಗ್ಯರಕ್ಷಣೆಯ ಒಂದು ಅಂಗವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಪರಿಚಿತ ಕುಟುಂಬವೊಂದು ನನ್ನ ಚಿಕಿತ್ಸಾಲಯಕ್ಕೆ ಬಂದಿತು. ತಂದೆ, ತಾಯಿ, ಇಬ್ಬರು ಮಕ್ಕಳು. ಎಲ್ಲರಿಗೂ ವಾಂತಿ, ತಲೆನೋವು. ಕಿರಿಯ ಮಗಳಿಗೆ ಉಸಿರಾಟದ ತೊಂದರೆ. ರಾತ್ರಿಯ ಊಟದಲ್ಲಿ ದೋಷವಿರಬೇಕೆಂದು ಭಾವಿಸಿ ಕಷಾಯ ಕೇಳಿದರು. ವಿಚಾರಿಸಿದಾಗ, ಹಿಂದಿನ ದಿನ ಒಬ್ಬಾತ ತಿಗಣೆಗೆಂದು ಮಂಚದ ಕೆಳಗೆ ಮಾತ್ರೆಗಳನ್ನಿಟ್ಟು, ಸಂಜೆಗೆ ಒಳಗೆ ಹೋಗಬಹುದೆಂದು ಹೇಳಿ ಹಣ ಪಡೆದು ಹೋದದ್ದು ತಿಳಿಯಿತು. ಕಷಾಯ ಕೊಡದೆ ತಕ್ಷಣ ಜಿಲ್ಲಾಸ್ಪತ್ರೆಗೆ ಕಳುಹಿಸಿದೆ. ಅಲ್ಲಿಯ ವೈದ್ಯರು ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ಯಾವ ವಿಷ? ಉತ್ತರಿಸಲು ರಸೀದಿಯಿರಲಿಲ್ಲ, ಬಂದವನ ವಿಳಾಸವಿರಲಿಲ್ಲ. ಪುಣ್ಯವಶಾತ್ ಎಲ್ಲರೂ ಉಳಿದರು.

ಧಾನ್ಯದ ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತೇವಾಂಶ ತಗುಲಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಬಾಗಿಲ ಸಂದಿನಿಂದ ನೆರೆಯ ಕೋಣೆಗೂ ಅದು ಹರಡಬಲ್ಲದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಆಯುರ್ವೇದದಲ್ಲಿದೆಯೆಂದು ಯಾರಾದರೂ ಹೇಳಿದರೆ ನಂಬಬಾರದು. ಆದುದರಿಂದಲೇ 1968ರ ಕೀಟನಾಶಕ ಕಾಯ್ದೆ ಹಾಗೂ 1971ರ ನಿಯಮಗಳು ಕೀಟನಿಯಂತ್ರಣದ ವೃತ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿವೆ. ಇಂತಹ ವಿಷಾನಿಲಗಳನ್ನು ಬಳಸುವವರು ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಂತಹ ನಿಗದಿತ ಸಂಸ್ಥೆಗಳಲ್ಲಿ ತರಬೇತಿಯನ್ನೂ ಪಡೆದಿರಬೇಕು.

ಆದ್ದರಿಂದ ಕೆಲಸ ಒಪ್ಪಿಸುವ ಮೊದಲೇ ಪರವಾನಗಿ ಪತ್ರವನ್ನು ಕೇಳಿ, ಹೆಸರು, ವಿಳಾಸ, ಅವಧಿಗಳನ್ನು ಓದಿರಿ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿರಿ. ಲೇಬಲ್ ಇಲ್ಲದ ಬಾಟಲಿಯನ್ನಾಗಲೀ, ಬಿಡಿ ಪೊಟ್ಟಣವನ್ನಾಗಲೀ ಮನೆಯೊಳಗೆ ಬಿಡಬೇಡಿರಿ. ಕೀಟನಾಶಕದ ಲೇಬಲ್ಲಿನ ಮೇಲೆ ವಜ್ರಾಕೃತಿಯ ಗುರುತಿದ್ದು, ಅದರ ಕೆಳಭಾಗದ ಬಣ್ಣ ವಿಷದ ತೀವ್ರತೆಯನ್ನು ಸೂಚಿಸುತ್ತದೆ: ಕೆಂಪು ಅತ್ಯಧಿಕ, ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ರಸೀದಿಯಲ್ಲಿ ರಾಸಾಯನಿಕದ ಹೆಸರನ್ನೂ, ಎಷ್ಟು ಸಮಯ ಮನೆಯಿಂದ ಹೊರಗಿರಬೇಕೆಂಬುದನ್ನೂ ಬರೆಸಿಕೊಳ್ಳಿರಿ. ನೆರೆಹೊರೆಯವರಿಗೂ ತಿಳಿಸಿರಿ. ನಂತರ ವಾಂತಿ, ತಲೆಸುತ್ತು, ಉಸಿರುಗಟ್ಟುವಿಕೆ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಹೊರಗೆ ಬಂದು 108ಕ್ಕೆ ಕರೆಮಾಡಿರಿ. ಆ ರಸೀದಿ ನಿಮ್ಮ ಕೈಯಲ್ಲಿರಲಿ.

“ಪರಿಚಯದವರು ಕಳುಹಿಸಿದ ಮನುಷ್ಯ, ಕಾಗದ ಕೇಳಿದರೆ ಅವಮಾನವಾಗದೇ?” ಎಂದು ಆ ಗೃಹಸ್ಥರು ಆಮೇಲೆ ನನ್ನನ್ನು ಕೇಳಿದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ, ಶಾಸ್ತ್ರವನ್ನು ಕಲಿತು, ಕರ್ಮಾಭ್ಯಾಸ ಮಾಡಿದ ವೈದ್ಯನೂ ‘ರಾಜಾನುಜ್ಞಾತ’ನಾಗಿ, ಅಂದರೆ ಅರಸನ ಅನುಮತಿ ಪಡೆದೇ, ವೃತ್ತಿಯನ್ನು ಪ್ರವೇಶಿಸಬೇಕೆಂದು ಹೇಳಿದೆ. ವಿದ್ಯೆಯೊಂದೇ ಸಾಲದು, ಲೋಕಕ್ಕೆ ಉತ್ತರಿಸುವ ಹೊಣೆಯೂ ಬೇಕೆಂಬುದು ಅದರ ತಾತ್ಪರ್ಯ. ನನ್ನ ನೋಂದಣಿ ಪತ್ರವೂ ಚಿಕಿತ್ಸಾಲಯದ ಗೋಡೆಯ ಮೇಲಿದೆ. ಮೂರು ದಶಕಗಳಲ್ಲಿ ಅದನ್ನು ಓದಿದವರು ವಿರಳ. ಓದಿದವರ ಮೇಲೆ ನನಗೆಂದೂ ಬೇಸರವಾಗಿಲ್ಲ.

ಪರವಾನಗಿಯಿದ್ದ ಮಾತ್ರಕ್ಕೆ ಪ್ರಾಮಾಣಿಕತೆ ಬರುವುದಿಲ್ಲವೆಂಬುದು ನಿಜ. ಆದರೆ ತಪ್ಪಾದಾಗ ಹುಡುಕಲು ಒಂದು ಹೆಸರು, ಪ್ರಶ್ನಿಸಲು ಒಂದು ವಿಳಾಸ ಅದರಿಂದ ದೊರೆಯುತ್ತದೆ. ನಮ್ಮ ತಪ್ಪೂ ಇಲ್ಲಿ ಉಂಟು. ನಾಲ್ಕುನೂರು ರೂಪಾಯಿ ಉಳಿಯುವುದೆಂದು ನಾವು ಕಾಗದವಿಲ್ಲದವನನ್ನು ಆರಿಸಿದಾಗ, ಕಲಿತು, ಶುಲ್ಕ ಕಟ್ಟಿ, ನಿಯಮ ಪಾಲಿಸಿ ದುಡಿಯುವವನ ಕಾಯಕಕ್ಕೆ ಪೆಟ್ಟು ಬೀಳುತ್ತದೆ. ಸದ್ಭಕ್ತರು ವಿನಯದಿಂದಲೇ ಕೇಳಲಿ, ಆದರೆ ಬಾಗಿಲು ತೆರೆಯುವ ಮೊದಲೇ ಕೇಳಲಿ. ಪ್ರಾಮಾಣಿಕನು ಕಾಗದವನ್ನು ಸಂತೋಷದಿಂದಲೇ ತೋರಿಸುತ್ತಾನೆ.